ಉತ್ತರಾಣಿ ಬೇರಿನ ವಿಷಯವಾಗಿ ದೊಡ್ಡಮ್ಮನ ಪತ್ರ

ಮೂಡಿಗೆರೆ

ಚಿ. ಸೌ. ಸುಮಾಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಹೆರಿಗೆ ಸಲೀಸಾಗಲೆಂದು ನಿನ್ನ ಅತ್ತೆಯವರು ಉತ್ತರಾಣಿ ಬೇರು ತರಿಸಿಟ್ಟಿದ್ದಾರೆಂದೂ, ಅದನ್ನು ಕಟ್ಟಿಕೊಳ್ಳಬಹುದೇ, ಕಷಾಯ ಮಾಡಿ ಕುಡಿಯಬಹುದೇ ಎಂದೂ ಕೇಳಿದ್ದೀಯೆ. ಕುಡಿಯಲೇಬೇಡ ಮಗಳೇ. ಬಸಿರು ಇಳಿಸಲು ಹಳ್ಳಿಗಳಲ್ಲಿ ಬಳಸುತ್ತಿದ್ದ ಬೇರುಗಳಲ್ಲಿ ಇದೂ ಒಂದು. ಏಳು ತಿಂಗಳು ತುಂಬಿದವಳ ಹೊಟ್ಟೆಗೆ ಅದು ಒಂದು ಚಮಚವೂ ಹೋಗಬಾರದು.

ಹಾಗೆಂದು ಆ ಗಿಡವನ್ನು ನಾನು ಹಗುರವಾಗಿ ಕಾಣುವವಳಲ್ಲ. ಈಗ ಬೇಲಿಯ ಕಡೆ ಹೋಗಿಬಂದು, ಸೀರೆಯ ಅಂಚಿಗೆ ಅಂಟಿದ ಅದರ ಕಾಯಿಗಳನ್ನು ಒಂದೊಂದಾಗಿ ಕಿತ್ತು ಬರೆಯಲು ಕುಳಿತಿದ್ದೇನೆ. ತೆನೆಯನ್ನು ತುದಿಯಿಂದ ಬುಡಕ್ಕೆ ಸವರಿದರೆ ಕೈಗೆ ನಯವಾಗಿರುತ್ತದೆ, ಬುಡದಿಂದ ಮೇಲಕ್ಕೆ ಸವರಿದರೆ ಚುಚ್ಚುತ್ತದೆ, ಏಕೆಂದರೆ ಕಾಯಿಗಳೆಲ್ಲ ಕೆಳಮುಖವಾಗಿರುತ್ತವೆ. ಅಥರ್ವವೇದವು ಇದನ್ನು ಅಪಾಮಾರ್ಗವೆಂದು ಕರೆದು, ಹಿಮ್ಮುಖ ಫಲದ ಗಿಡವೇ, ಶಾಪವನ್ನು ನಮ್ಮಿಂದ ದೂರ ತಳ್ಳು ಎಂದು ಪ್ರಾರ್ಥಿಸುವುದು ಈ ಗುಣವನ್ನು ಕಂಡೇ. ಗಣಪತಿಯ 21 ಪತ್ರೆಗಳಲ್ಲಿ ಇದೂ ಸೇರುತ್ತದೆ. ನೂಲಿಗೆ ಕಳ್ಳಿಹಾಲು, ಇದನ್ನು ಸುಟ್ಟ ಬೂದಿಯಿಂದ ತೆಗೆದ ಕ್ಷಾರ, ಅರಿಶಿನ ಇವುಗಳನ್ನು ಒಟ್ಟು 21 ಸಲ ಲೇಪಿಸಿ, ಆಯುರ್ವೇದ ವೈದ್ಯರು ಇಂದಿಗೂ ಗುದದ ಬಳಿ ಆಗುವ ಭಗಂದರವೆಂಬ ರೋಗಕ್ಕೆ ಕಟ್ಟುತ್ತಾರೆ. ತಿಳಿದವರ ಕೈಯಲ್ಲಿ ಅದು ನಿಜವಾದ ಮದ್ದು.

ಬೇರು ಕಟ್ಟುವ ಕ್ರಮವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಅಜ್ಜಿ ಭಾನುವಾರ ಹೊತ್ತು ಮೂಡುವ ಮೊದಲೇ ಹೋಗಿ, ಗಿಡಕ್ಕೆ ಅರಿಶಿನ ಕುಂಕುಮವಿಟ್ಟು, ಕಬ್ಬಿಣ ತಾಗಿಸದೆ ಬೇರು ಕಿತ್ತು ತಂದು, ನೋವು ತಿನ್ನುವವಳ ತೊಡೆಗೆ ದಾರದಲ್ಲಿ ಕಟ್ಟುತ್ತಿದ್ದರು. ಮಗು ಹುಟ್ಟಿದೊಡನೆ ಬಿಚ್ಚದಿದ್ದರೆ ಗರ್ಭಕೋಶವೇ ಜಾರಿ ಬರುತ್ತದೆಂದು ಹೆದರುತ್ತಿದ್ದರು. ನನ್ನ ತಂಗಿಗೂ ಹೀಗೆಯೇ ಕಟ್ಟಿದರು. ಆಷಾಢದ ಮಳೆಯ ರಾತ್ರಿ, ಸಂಜೆಯಿಂದ ನಿಂತುಹೋದ ನೋವು. ಬೇರು ಕಟ್ಟಿದ್ದೇವೆ, ಇನ್ನೇನು ಆಗುತ್ತದೆ ಎಂದು ಎಲ್ಲರೂ ಕಾದೆವು. ಬೆಳಗಿನ ಜಾವ ಜೀಪು ಬಂದಾಗ ತಂಗಿ ಉಳಿದಳು, ಮಗು ಉಳಿಯಲಿಲ್ಲ. ಬೇರಿನಿಂದಲೇ ಕೇಡಾಯಿತೆಂದು ನಾನು ಹೇಳಲಾರೆ, ಆದರೆ ಅದನ್ನು ನೆಚ್ಚಿ ಕೂತ ಆ ರಾತ್ರಿಗೆ ನಾನೂ ಪಾಲುದಾರಳು.

ಆದ್ದರಿಂದ ಅತ್ತೆಯವರ ಮನಸ್ಸು ನೋಯಿಸಬೇಡ. ಅವರು ಬಯಸಿದರೆ ಬೇರನ್ನು ಬಟ್ಟೆಯಲ್ಲಿ ಸುತ್ತಿ ದಿಂಬಿನ ಕೆಳಗಿಟ್ಟುಕೋ. ಮೈಗೆ ಕಟ್ಟಿಕೊಳ್ಳುವುದು ಬೇಡ. ಆದರೆ ನೋವು ಕಾಣಿಸಿದರೆ, ನೀರು ಹೋದರೆ, ಮಗುವಿನ ಮಿಸುಕಾಟ ಕಡಿಮೆಯಾಯಿತೆನಿಸಿದರೆ, ಬೇರು ಕಟ್ಟುವವರಿಗಾಗಿ ಕಾಯದೆ 108ಕ್ಕೆ ಫೋನು ಮಾಡಿಸು. ಸಕಲೇಶಪುರದಿಂದ ಹಾಸನದ ದಾರಿ ಮಳೆಗಾಲದಲ್ಲಿ ಹೇಗಿರುತ್ತದೆಂದು ನಿನಗೆ ನಾನು ಹೇಳಬೇಕಿಲ್ಲ. ತಾಯಿ ಕಾರ್ಡನ್ನೂ ಎರಡು ಹಳೆಯ ಹತ್ತಿ ಸೀರೆಗಳನ್ನೂ ಚೀಲಕ್ಕೆ ಈಗಲೇ ಹಾಕಿಡು. ಒಂಬತ್ತು ತುಂಬುವ ಹೊತ್ತಿಗೆ ನಾನೇ ಬಂದು ಜೊತೆಗಿರುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ