ಕೂಡದ ಮೂಳೆಗೂ ದಾರಿ ಇದೆ

ಮಾನ್ಯ ಸಂಪಾದಕರೇ,

ನನ್ನ ತಮ್ಮ ಮೂಡಿಗೆರೆ ಹತ್ರ ತೋಟದಲ್ಲಿ ಮೆಣಸು ಕುಯ್ಯೋವಾಗ ಏಣಿ ಜಾರಿ ಬಿದ್ದು ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ ಮುರ್ಕೊಂಡ, ರಾಡ್ ಹಾಕ್ಸಿದ್ವಿ, ಹತ್ತು ತಿಂಗಳಾದ್ರೂ ಕಾಲೂರಿದ್ರೆ ನೋವು, ಎಕ್ಸ್‌ರೇನಲ್ಲಿ ಬಿರುಕು ಹಂಗೇ ಇತ್ತು. ಊರೋರು ಹಣೆಬರಹ ಅಂದ್ರು, ಕೆಲವ್ರು ನಾಟಿ ಕಟ್ಟು ಕಟ್ಸು ಅಂದ್ರು.

ಕೊನೆಗೆ ಒಬ್ರು ಮೂಳೆ ಡಾಕ್ಟ್ರು ಕೂರ್ಸಿ ಬಿಡಿಸಿ ಹೇಳಿದ್ರು. ಈ ಮೂಳೆ ಮುಂದೆ ಬರೀ ಚರ್ಮ, ಮಾಂಸ ಇಲ್ಲ, ಕೆಳಭಾಗಕ್ಕೆ ರಕ್ತ ಹರಿಯೋದೂ ಕಮ್ಮಿ, ಅದಕ್ಕೇ ಕೂಡೋದು ನಿಧಾನ. ಸಾಮಾನ್ಯವಾಗಿ 9 ತಿಂಗಳಾಗಿ, ಕೊನೇ 3 ತಿಂಗಳು ಬದಲಾವಣೆನೇ ಕಾಣದಿದ್ರೆ ಇನ್ನು ತಾನಾಗೇ ಕೂಡಲ್ಲ ಅಂತ ಲೆಕ್ಕವಂತೆ. ಮೊದ್ಲು ಇನ್ಫೆಕ್ಷನ್ ಇದ್ಯಾ ನೋಡ್ತಾರೆ, ಇದ್ರೆ ಸತ್ತ ಮೂಳೆ ತೆಗೆದು ಕ್ಲೀನ್ ಮಾಡ್ದೆ ಮುಂದೆ ಹೋಗೋ ಹಂಗಿಲ್ಲ. ಇಲ್ದಿದ್ರೆ ಹಳೇ ರಾಡ್ ತೆಗ್ದು, ಒಳಗೆ ಕೊರೆದು, ಅದಕ್ಕಿಂತ ದಪ್ಪ ರಾಡ್ ಹಾಕ್ತಾರೆ, ಬೇಕಾದ್ರೆ ಸೊಂಟದ ಮೂಳೆ ಚೂರು ತಂದು ತುಂಬ್ತಾರೆ. ಮೂಳೆ ತುಂಡೇ ಹೋಗಿದ್ರೆ ಕಾಲಿನ ಸುತ್ತ ರಿಂಗ್ ಕಟ್ಟೋ ಇಲಿಜಾರೋವ್ ವಿಧಾನ, ಸೈಬೀರಿಯಾದ ಕುರ್ಗಾನ್ ಊರಿನ ಡಾಕ್ಟ್ರು ಮಾಡಿದ್ದು, ಉಳಿದ ಮೂಳೆನ ದಿನಕ್ಕೆ 1 ಮಿಲಿಮೀಟರ್ ಹಂಗೆ ಸರಿಸ್ತಾ ಹೋದ್ರೆ ಹೊಸ ಮೂಳೆ ಬೆಳೆಯುತ್ತೆ! ಕೇಳಿ ಮೈ ಜುಮ್ಮಂತು.

ತಮ್ಮನಿಗೆ ದಪ್ಪ ರಾಡ್ ಹಾಕಿ ಬೀಡಿ ಬಿಡ್ಸಿದ್ರು. ಬೀಡಿ ಸೇದಿದ್ರೆ ಮೂಳೆ ಕೂಡೋದು ತಡ, ಇದನ್ನ ಮೊದಲ ದಿನ ಯಾರೂ ಹೇಳಿರ್ಲಿಲ್ಲ. ಐದು ತಿಂಗಳಿಗೆ ಕೋಲಿಲ್ದೆ ನಡೆದ.

ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಮರ ಹತ್ತಿ ಬದುಕೋರು ಎಷ್ಟೋ ಜನ. ತಾಲ್ಲೂಕು ಆಸ್ಪತ್ರೆಲೇ ಆಗಾಗ ಎಕ್ಸ್‌ರೇ ತೆಗ್ದು, ಕೂಡ್ತಿಲ್ಲ ಅಂದ್ರೆ ತಡ ಮಾಡ್ದೆ ದೊಡ್ಡ ಆಸ್ಪತ್ರೆಗೆ ಕಳ್ಸೋ ವ್ಯವಸ್ಥೆ ಮಾಡಿ ಅಂತ ಆರೋಗ್ಯ ಇಲಾಖೆಯವ್ರನ್ನ ಕೇಳ್ಕೊಳ್ತೀನಿ.

– ಒಬ್ಬ ಓದುಗ, ಮೂಡಿಗೆರೆ