ಹಳೆಯ ಲಿಂಕ್‌ಗಳನ್ನು ಸಾಯಿಸಬೇಡಿ

ಮಾನ್ಯ ಸಂಪಾದಕರೇ,

2025ರ ಸೆಪ್ಟೆಂಬರ್ 30ಕ್ಕೆ ಟೈಪ್‌ಪ್ಯಾಡ್ ಅನ್ನುವ ಬ್ಲಾಗ್ ಸೇವೆ ಮುಚ್ಚಿತು. ನಿಮ್ಮ ತಂತ್ರಜ್ಞಾನ ಪುಟದಲ್ಲಿ ಆ ವಾರ ಹುಡುಕಿದೆ, ಮುಂದಿನ ವಾರವೂ ಹುಡುಕಿದೆ, ಒಂದು ಸಾಲೂ ಸಿಗಲಿಲ್ಲ. ಹೊಸ ಫೋನ್ ಇತ್ತು, ಅದರ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಇತ್ತು, ಎಐ ಬಗ್ಗೆ ಅರ್ಧ ಪುಟ ಇತ್ತು. ಅವೂ ಬೇಕು, ನಾನೂ ಓದುತ್ತೇನೆ. ಆದರೆ 2003ರಲ್ಲಿ ಶುರುವಾಗಿ ಇಪ್ಪತ್ತೆರಡು ವರ್ಷ ಜನರ ಬರಹ ಇಟ್ಟುಕೊಂಡಿದ್ದ ಒಂದು ಬ್ಲಾಗ್ ಸೇವೆ ಆಗಸ್ಟ್ ಕೊನೆಯಲ್ಲಿ ತಿಳಿಸಿ ಸೆಪ್ಟೆಂಬರ್ ಕೊನೆಗೆ ಬಾಗಿಲು ಹಾಕಿತು ಅಂದರೆ ಅದೂ ಸುದ್ದಿಯೇ ಅಲ್ವಾ? ಅಲ್ಲಿ ಬರೆದವರಿಗೆ ಸಿಕ್ಕಿದ್ದು ಒಂದು ತಿಂಗಳು, ಮೇಲೆ ನಾಲ್ಕು ದಿನ. ಅಷ್ಟರೊಳಗೆ ಇಳಿಸಿಕೊಂಡವರದ್ದು ಉಳಿಯಿತು. ಹಳೆಯ ಇಮೇಲ್ ನೋಡುವುದನ್ನೇ ಬಿಟ್ಟವರದ್ದು, ತೀರಿಕೊಂಡವರದ್ದು ಹೋಯಿತು.

ನನಗೆ ತಿಳಿದ ಮಟ್ಟಿಗೆ ನಮ್ಮ ಕನ್ನಡದವರು ಜಾಸ್ತಿ ಬರೆದಿದ್ದು ಬ್ಲಾಗ್‌ಸ್ಪಾಟ್, ವರ್ಡ್‌ಪ್ರೆಸ್‌ನಲ್ಲಿ. ಟೈಪ್‌ಪ್ಯಾಡ್ ಮುಚ್ಚಿದರೆ ನಮಗೇನು ಅಂತ ನೀವು ಕೇಳಬಹುದು. ನಾನು ವೆಬ್‌ಸೈಟ್ ಕಟ್ಟುವ ಕೆಲಸಕ್ಕೆ ಬಂದು ಹದಿನೇಳು ವರ್ಷವಾಯಿತು. ಈ ಸುದ್ದಿ ಓದಿದ ರಾತ್ರಿ ನನಗೆ ನೆನಪಾಗಿದ್ದು ನಮ್ಮ ಮೇಷ್ಟ್ರು.

ನಾನು ತೀರ್ಥಹಳ್ಳಿ ಕಡೆಯವನು. ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು ರಿಟೈರ್ ಆದ ಮೇಲೆ 2008ರಲ್ಲಿ ಒಂದು ಬ್ಲಾಗ್ ಶುರು ಮಾಡಿದರು. 'ಬರಹ' ತಂತ್ರಾಂಶ ಹಾಕಿಕೊಟ್ಟು, ಇಂಗ್ಲಿಷ್ ಕೀಲಿ ಒತ್ತಿದರೆ ಕನ್ನಡ ಬರುತ್ತದೆ ಅಂತ ತೋರಿಸಿದವನು ನಾನೇ. ಬಲಗೈಯ ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು. ಒಂದು ಪುಟಕ್ಕೆ ಎರಡು ಸಂಜೆ ಹಿಡಿಯುತ್ತಿತ್ತು. ಬರೆದಿದ್ದೆಲ್ಲ ಊರಿನದ್ದು. ಮೊದಲ ಮಳೆಗೆ ಹತ್ತುಮೀನು ಹೊಳೆ ಬಿಟ್ಟು ಹಳ್ಳ ಹಿಡಿದು ಗದ್ದೆವರೆಗೆ ಹೇಗೆ ಏರಿ ಬರುತ್ತದೆ, ಮೀನು ಹಿಡಿಯುವ ಕೂಣಿ ಹೇಗೆ ಹೆಣೆಯುತ್ತಾರೆ, ಅದನ್ನು ನೀರಿಗೆ ಯಾವ ಕಡೆ ಮುಖ ಮಾಡಿ ಇಡುತ್ತಾರೆ, ಯಾವ ಬಾವಿಗೆ ಯಾಕೆ ಆ ಹೆಸರು ಬಂತು, ಈಗ ಯಾರೂ ಬೆಳೆಯದ ಭತ್ತದ ತಳಿಗಳು ಯಾವುವು, ಹೀಗೆ. ಕೆಳಗೆ ಅಮೆರಿಕದಲ್ಲಿದ್ದ ನಮ್ಮೂರ ಹುಡುಗರು, ಮುಂಬೈಯಲ್ಲಿ ಹೋಟೆಲ್ ನಡೆಸುವವರು ಕಮೆಂಟ್ ಹಾಕುತ್ತಿದ್ದರು. 'ಮೇಷ್ಟ್ರೇ, ನಮ್ಮ ಕಡೆ ಇದಕ್ಕೆ ಬೇರೆ ಹೆಸರಿದೆ' ಅಂತ ಒಬ್ಬರು ಬರೆದರೆ ಮೇಷ್ಟ್ರಿಗೆ ವಾರವಿಡೀ ಖುಷಿ. ಆ ಕಮೆಂಟ್‌ಗಳಲ್ಲೇ ಒಂದು ಪದಕೋಶಕ್ಕಾಗುವಷ್ಟು ಮಾತುಗಳಿದ್ದವು.

ಮೇಷ್ಟ್ರು ತೀರಿಕೊಂಡು ಮೂರು ವರ್ಷವಾಯಿತು. ಕಳೆದ ವರ್ಷ ಅವರ ಮಗಳು ಫೋನ್ ಮಾಡಿದರು. 'ಅಣ್ಣಾ, ಅಪ್ಪನ ಬ್ಲಾಗ್ ತೆಗೆದರೆ ರಮ್ಮಿ ಆಟದ ಜಾಹೀರಾತು ಬರ್ತಿದೆ.'

ಆಗಿದ್ದು ಇಷ್ಟು. ಬ್ಲಾಗ್ ಇದ್ದಿದ್ದು ಒಂದು ಉಚಿತ ಸೇವೆಯಲ್ಲಿ. ಅದಕ್ಕೊಂದು ಸ್ವಂತ ಹೆಸರಿರಲಿ ಅಂತ ಡೊಮೈನ್ ಕೊಂಡು ಜೋಡಿಸಿದ್ದೆವು. ಡೊಮೈನ್‌ಗೆ ವರ್ಷ ವರ್ಷ ದುಡ್ಡು ಕಟ್ಟಬೇಕು. ಅವರು ಹೋದ ಮೇಲೆ ಕಟ್ಟುವವರಿರಲಿಲ್ಲ. ಅವಧಿ ಮುಗಿಯಿತು, ಯಾರೋ ಕೊಂಡುಕೊಂಡರು. ಬರಹವೆಲ್ಲ ಆ ಉಚಿತ ಸೇವೆಯಲ್ಲಿ ಹಾಗೇ ಇದೆ, ಆದರೆ ಅದರ ಮೂಲ ವಿಳಾಸಕ್ಕೆ ಹೋದರೂ ಅದು ನಮ್ಮನ್ನು ಆ ಹೊಸ ಹೆಸರಿಗೇ, ಅಂದರೆ ರಮ್ಮಿಯವರ ಹತ್ತಿರಕ್ಕೇ, ತಳ್ಳುತ್ತದೆ. ಅದನ್ನು ಬಿಡಿಸಬೇಕು ಅಂದರೆ ಒಳಗೆ ಲಾಗಿನ್ ಆಗಬೇಕು. ಪಾಸ್‌ವರ್ಡ್ ಗೊತ್ತಿಲ್ಲ. ಒಟಿಪಿ ಹೋಗುವುದು ಮೇಷ್ಟ್ರ ಹಳೆಯ ಮೊಬೈಲ್ ನಂಬರಿಗೆ. ಅದನ್ನು ಈಗ ಬೇರೆ ಯಾರೋ ಬಳಸುತ್ತಿದ್ದಾರೆ.

ಇಂಟರ್ನೆಟ್ ಆರ್ಕೈವ್ ಅಂತ ಒಂದು ಸಂಸ್ಥೆ ಅಮೆರಿಕದಲ್ಲಿದೆ, 1996ರಲ್ಲಿ ಬ್ರೂಸ್ಟರ್ ಕೇಲ್ ಕಟ್ಟಿದ್ದು. ಲಾಭಕ್ಕಾಗಿ ನಡೆಯುವುದಲ್ಲ. ವೆಬ್‌ನ ಪುಟಗಳನ್ನು ಆಗಾಗ ನಕಲು ತೆಗೆದು ಇಡುತ್ತದೆ. ಅವರ ವೇಬ್ಯಾಕ್ ಮೆಷಿನ್‌ಗೆ ಹೋಗಿ ಮೇಷ್ಟ್ರ ವಿಳಾಸ ಹಾಕಿ ಮೂರು ರಾತ್ರಿ ಕೂತೆ. ಮೇಷ್ಟ್ರು ಬರೆದಿದ್ದು ನೂರಾ ಹತ್ತರ ಸುಮಾರು. ಸಿಕ್ಕಿದ್ದು ನಲವತ್ತಾರು. ಹತ್ತುಮೀನಿನದ್ದು ಸಿಕ್ಕಿತು, ಬಾವಿಗಳದ್ದು ಸಿಗಲಿಲ್ಲ. ಫೋಟೋ ಒಂದೂ ಇಲ್ಲ, ಯಾಕೆಂದರೆ ಅವನ್ನು ಇನ್ನೊಂದು ಫೋಟೋ ಸೈಟಿನಲ್ಲಿ ಇಟ್ಟಿದ್ದರು, ಅದು ನಿಂತು ಎಷ್ಟೋ ವರ್ಷವಾಯಿತು. ಕೂಣಿಯ ಬಾಯಿ ಹತ್ತಿರದಿಂದ ತೆಗೆದ ಒಂದು ಚಿತ್ರ ಇತ್ತು, ನನಗೆ ಚೆನ್ನಾಗಿ ನೆನಪಿದೆ. ಈಗ ಅಲ್ಲಿ ಒಂದು ಖಾಲಿ ಚೌಕ, ಮೂಲೆಯಲ್ಲಿ ಹರಿದ ಚಿತ್ರದ ಗುರುತು, ಪಕ್ಕದಲ್ಲಿ ಮೇಷ್ಟ್ರೇ ಬರೆದ ಒಂದು ಸಾಲು: 'ಇದನ್ನು ನೋಡಿದರೆ ಅರ್ಥವಾಗುತ್ತದೆ.'

ಸಂಪಾದಕರೇ, ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಆ ನಲವತ್ತಾರು ಬರಹಗಳಲ್ಲಿ ಒಂಬತ್ತು ಕಡೆ ಮೇಷ್ಟ್ರು ನಿಮ್ಮ ಪತ್ರಿಕೆಯ ಲೇಖನಗಳಿಗೆ ಲಿಂಕ್ ಕೊಟ್ಟಿದ್ದಾರೆ. 'ಇಂಥ ಪುರವಣಿಯಲ್ಲಿ ಇದರ ಬಗ್ಗೆ ಚೆನ್ನಾಗಿ ಬರೆದಿದ್ದಾರೆ, ಓದಿ' ಅಂತ. ಒಂಬತ್ತನ್ನೂ ಒತ್ತಿದೆ. ಒಂಬತ್ತೂ ನಿಮ್ಮ ಇವತ್ತಿನ ಮುಖಪುಟಕ್ಕೆ ಹೋದವು. ಒಂದು ಲೇಖನವೂ ಇಲ್ಲ. ಅವನ್ನು ಬರೆದವರು ನಿಮ್ಮ ವರದಿಗಾರರು, ನಿಮ್ಮಲ್ಲೇ ಬೆವರು ಸುರಿಸಿದವರು.

ಇದು ಯಾಕೆ ಹೀಗಾಗುತ್ತದೆ ಅಂತ ನನಗೆ ಗೊತ್ತು, ಯಾಕೆಂದರೆ ಈ ತಪ್ಪು ನಾನೂ ಮಾಡಿದ್ದೇನೆ. ಸೈಟಿಗೆ ಹೊಸ ಡಿಸೈನ್ ಬೇಕು ಅಂತ ಕರೆಯುತ್ತಾರೆ. ಹೊಸ ಸಾಫ್ಟ್‌ವೇರ್ ಹಾಕುತ್ತೇವೆ. ಅದರಲ್ಲಿ ಪ್ರತಿ ಲೇಖನಕ್ಕೂ ಹೊಸ ವಿಳಾಸ ಬರುತ್ತದೆ. ಹಳೆಯ ವಿಳಾಸ ಹಿಡಿದು ಬಂದವರನ್ನು ಹೊಸದಕ್ಕೆ ದಾರಿ ತೋರಿಸಿ ಕಳಿಸಬೇಕು. ಅಂಗಡಿ ಬೇರೆ ಬೀದಿಗೆ ಹೋದಾಗ ಹಳೆಯ ಬಾಗಿಲಿಗೆ 'ಅಂಗಡಿ ಇಲ್ಲಿಗೆ ಸ್ಥಳಾಂತರವಾಗಿದೆ' ಅಂತ ಬೋರ್ಡ್ ಹಾಕುತ್ತೇವಲ್ಲ, ಅದೇ ಕೆಲಸ. ವೆಬ್‌ನಲ್ಲಿ ಅದಕ್ಕೆ 301 ರೀಡೈರೆಕ್ಟ್ ಅಂತಾರೆ. ಹಳೆಯದು ಯಾವುದು, ಹೊಸದು ಯಾವುದು ಅಂತ ಒಂದು ಪಟ್ಟಿ ಮಾಡಿ ಸರ್ವರಿಗೆ ಕೊಟ್ಟರೆ ಆಯಿತು. ಆದರೆ ಉದ್ಘಾಟನೆಯ ದಿನ ಗೊತ್ತಾಗಿರುತ್ತದೆ, ಮುಖಪುಟ ಚೆಂದ ಬಂದಿರುತ್ತದೆ, ಹಳೆಯ ಪುಟಗಳ ಬಗ್ಗೆ ಯಾರೂ ಕೇಳುವುದಿಲ್ಲ, 'ಸದ್ಯಕ್ಕೆ ಎಲ್ಲವನ್ನೂ ಮುಖಪುಟಕ್ಕೇ ಕಳಿಸಿಬಿಡು' ಅಂತ ಮೇಲಿನವರು ಹೇಳುತ್ತಾರೆ. 2014ರಲ್ಲಿ ಒಂದು ಸಂಸ್ಥೆಯ ಸೈಟಿಗೆ ನಾನು ಹಾಗೇ ಮಾಡಿದೆ. ಆರು ವರ್ಷದ ಬರಹಗಳು ಒಂದು ರಾತ್ರಿಯಲ್ಲಿ ಕಾಣೆಯಾದವು. ಹಳೆಯ ಡೇಟಾಬೇಸ್ ಇದ್ದ ಸರ್ವರನ್ನು ಮುಂದಿನ ತಿಂಗಳು ವಾಪಸ್ ಕೊಟ್ಟರು. ಅವತ್ತು ನಾನು ಎರಡು ದಿನ ಕೇಳಿ ತೆಗೆದುಕೊಳ್ಳಬೇಕಿತ್ತು. ಕೇಳಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಎಲ್ಲವನ್ನೂ ಮುಖಪುಟಕ್ಕೆ ಕಳಿಸುವುದು ಪುಟ ಇಲ್ಲ ಅನ್ನುವುದಕ್ಕಿಂತ ಕೆಟ್ಟದ್ದು. 'ಪುಟ ಸಿಗಲಿಲ್ಲ' ಅನ್ನುವ 404 ಸಂದೇಶ ಬಂದರೆ ಪುಟ ಹೋಯಿತು ಅಂತ ಓದುವವರಿಗೂ ಗೊತ್ತಾಗುತ್ತದೆ, ಯಂತ್ರಗಳಿಗೂ ಗೊತ್ತಾಗುತ್ತದೆ. ಮುಖಪುಟ ತೆರೆದುಕೊಂಡರೆ ಎಲ್ಲ ಸರಿಯಿದೆ ಅಂದುಕೊಳ್ಳುತ್ತವೆ. ವಿಕಿಪೀಡಿಯದಲ್ಲಿ ನಿಮ್ಮ ವರದಿಯನ್ನು ಆಧಾರವಾಗಿ ಕೊಟ್ಟವರಿಗೆ ಆ ಆಧಾರ ಬಿದ್ದುಹೋಗಿದ್ದು ಗೊತ್ತೇ ಆಗುವುದಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಲೆಕ್ಕ ಹಾಕಿ ನೋಡಿತು. 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷದ ನಂತರ ಸಿಗುತ್ತಿಲ್ಲ. ನಮ್ಮ ವಯಸ್ಸಿನವರು ಇದನ್ನು ಕಣ್ಣಾರೆ ನೋಡಿದ್ದೇವೆ. 2013ರ ಜುಲೈ 1ಕ್ಕೆ ಗೂಗಲ್ ರೀಡರ್ ನಿಂತಿತು, ಹತ್ತಾರು ಬ್ಲಾಗುಗಳನ್ನು ಒಂದೇ ಕಡೆ ಓದುತ್ತಿದ್ದವರು ಚೆದುರಿಹೋದರು. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ನಿಂತಿತು. ಟೈಪ್‌ಪ್ಯಾಡ್ ಮುಚ್ಚಿದ ತಾರೀಕೂ ಅದೇ. ಆರ್ಕುಟ್‌ನ ಕನ್ನಡ ಗುಂಪುಗಳಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ವಾದಗಳನ್ನು ಈಗ ಎಲ್ಲಿ ಓದುವುದು? ಇನ್ನೊಂದು ಮಾತೂ ಹೇಳಬೇಕು. ಗೂಗಲ್ ತನ್ನ ಕಿರುಲಿಂಕ್ ಸೇವೆಯ ಎಲ್ಲ ಲಿಂಕ್‌ಗಳನ್ನೂ 2025ರ ಆಗಸ್ಟ್‌ಗೆ ನಿಲ್ಲಿಸುತ್ತೇನೆ ಅಂದಿತ್ತು. ಕೊನೆಗೆ ಬಳಕೆಯಲ್ಲಿರುವವನ್ನು ಉಳಿಸಿಕೊಳ್ಳುತ್ತೇನೆ ಅಂತ ಒಪ್ಪಿತು. ಅಷ್ಟು ದೊಡ್ಡ ಕಂಪನಿಯೇ ಮನಸ್ಸು ಬದಲಿಸಿತು. ಅದಕ್ಕೇ ನಿಮಗೂ ಬರೆಯುವ ಧೈರ್ಯ ಬಂತು.

ಕನ್ನಡಕ್ಕೆ ಇದರ ಪೆಟ್ಟು ಇನ್ನೂ ಜಾಸ್ತಿ. ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಪದ್ಧತಿ, ನಮ್ಮಲ್ಲಿ ಬಳಕೆಗೆ ಬರುವ ಮುಂಚೆ ಎಷ್ಟೋ ಸೈಟುಗಳು ತಮ್ಮದೇ ಫಾಂಟ್ ಬಳಸಿದವು. ಆ ಫಾಂಟ್ ಇಲ್ಲದಿದ್ದರೆ 'ಕನ್ನಡ' ಅನ್ನುವ ಪದ ಹೇಗೆ ಕಾಣುತ್ತದೆ ಗೊತ್ತಾ? ಮೊದಲು ಇಂಗ್ಲಿಷಿನ ಪಿ, ಅದರ ಪಕ್ಕ ತಲೆಯ ಮೇಲೆ ಗೀಟು ಹೊತ್ತ ಎ, ಆಮೇಲೆ ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಅದೇ ಎ. ಹೀಗೇ ಸಾಲು ಸಾಲು. ಪುಟ ಬದುಕಿದ್ದರೂ ಅದನ್ನು ಓದಲಾಗುವುದಿಲ್ಲ, ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದರೆ ಸಿಗುವುದೂ ಇಲ್ಲ. ಇವನ್ನು ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಗಳು ಇವೆ, ಉಚಿತವಾಗಿಯೇ ಸಿಗುತ್ತವೆ. ನಿಮ್ಮ ಹಳೆಯ ಸಿಡಿಗಳಲ್ಲಿ, ಹಾರ್ಡ್ ಡಿಸ್ಕ್‌ಗಳಲ್ಲಿ ಆ ಕಾಲದ ಫೈಲುಗಳು ಇದ್ದರೆ ದಯವಿಟ್ಟು ಎಸೆಯಬೇಡಿ.

ಎಐಗೆ ಕನ್ನಡ ಸರಿಯಾಗಿ ಬರುವುದಿಲ್ಲ ಅಂತ ನಿಮ್ಮಲ್ಲೇ ಲೇಖನ ಬಂದಿತ್ತು. ನಿಜ. ಅದು ಹೆಚ್ಚಾಗಿ ಕಲಿಯುವುದು ವೆಬ್‌ನಲ್ಲಿ ಸಿಗುವ ಬರಹದಿಂದ. ಇಂಗ್ಲಿಷಿನಲ್ಲಿ ನೂರು ಪುಟ ಹೋದರೆ ಸಾವಿರ ಉಳಿದಿರುತ್ತವೆ. ಮೇಷ್ಟ್ರ ಬ್ಲಾಗ್ ಹೋದರೆ ಕೂಣಿಯ ಬಗ್ಗೆ ಹಾಗೆ ಬರೆದಿದ್ದು ಇನ್ನೊಂದು ಎಲ್ಲಿದೆ? ಸುಮ್ನೆ ದೂರುವುದಕ್ಕಿಂತ ಮೊದಲು ಇದ್ದಿದ್ದನ್ನು ಉಳಿಸಿಕೊಳ್ಳೋಣ.

ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ, ಒಳ್ಳೆಯ ವಿಳಾಸ ಬದಲಾಗಬಾರದು ಅಂತ 1998ರಲ್ಲೇ ಬರೆದಿದ್ದಾರೆ. ಹಾಗಾಗಿ ಮುಂದಿನ ಸಲ ಸೈಟ್ ಬದಲಿಸುವಾಗ ಡೆವಲಪರ್ ಹತ್ತಿರ ಹಳೆಯ ಲಿಂಕ್‌ಗಳ ಪಟ್ಟಿ ಕೇಳಿ, ಅದಿಲ್ಲದೆ ಬಿಲ್ ಪಾಸ್ ಮಾಡಬೇಡಿ. ಲೇಖನದ ವಿಳಾಸದಲ್ಲಿ ಪೂರ್ತಿ ಕನ್ನಡ ತಲೆಬರಹ ತುಂಬಿಸುವ ಬದಲು ಒಂದು ಸಂಖ್ಯೆ ಇಟ್ಟರೆ ಸಾಕು. ಇದನ್ನು ಕನ್ನಡದ ಮೇಲಿನ ಪ್ರೀತಿಯಿಂದಲೇ ಹೇಳುತ್ತಿದ್ದೇನೆ. ಕನ್ನಡದ ಒಂದು 'ಕ' ಲಿಂಕ್‌ನಲ್ಲಿ ಒಂಬತ್ತು ಗುರುತುಗಳಾಗುತ್ತದೆ, 'ಕನ್ನಡ' ಅನ್ನುವ ಒಂದು ಪದಕ್ಕೇ ನಲವತ್ತೈದು. ವಾಟ್ಸ್‌ಆಪ್‌ಗೆ ಹಾಕಿದರೆ ಅರ್ಧ ಪುಟ ಶೇಕಡಾ ಚಿಹ್ನೆಗಳೇ ಬರುತ್ತವೆ, ನಡುವೆ ಮುರಿದರೆ ಲಿಂಕ್ ತೆರೆಯುವುದಿಲ್ಲ. ಕೆಲವು ಕಡೆ ತಲೆಬರಹದಲ್ಲಿ ಒಂದು ಕಾಗುಣಿತ ತಿದ್ದಿದರೆ ವಿಳಾಸವೇ ಬದಲಾಗಿಬಿಡುತ್ತದೆ. ಹಾಗೇ ಹೊಸ ಲೇಖನಗಳನ್ನು ಓದುಗರ ಫೀಡ್ ರೀಡರಿಗೆ ತಾನಾಗಿ ತಲುಪಿಸುವ ನಿಮ್ಮ ಆರ್‌ಎಸ್‌ಎಸ್ ಫೀಡ್ ಮತ್ತೆ ಶುರು ಮಾಡಿ. ಅದು ನಿಂತು ಬಹಳ ದಿನವಾಯಿತು. ಅದರಿಂದ ಓದುವವರು ಕಡಿಮೆ ಇರಬಹುದು, ಆದರೆ ಅವರು ನಿಮ್ಮನ್ನು ಹುಡುಕಿಕೊಂಡು ಬರುವವರು.

ತಂತ್ರಜ್ಞಾನ ಪುಟದಲ್ಲಿ ಮುಚ್ಚಿದ್ದರ ಸುದ್ದಿಗೂ ಒಂದು ಮೂಲೆ ಕೊಡಿ. ಯಾವ ಸೇವೆ ಯಾವತ್ತು ನಿಲ್ಲುತ್ತದೆ, ಅದರೊಳಗೆ ಇರುವುದನ್ನು ಇಳಿಸಿಕೊಳ್ಳುವುದು ಹೇಗೆ, ಇಷ್ಟೇ. ನಾಲ್ಕು ಸಾಲು ಸಾಕು. ಬ್ಲಾಗ್ ಇಟ್ಟುಕೊಂಡಿರುವ ನಿಮ್ಮ ಓದುಗರಿಗೂ ಇಲ್ಲಿಂದಲೇ ಹೇಳುತ್ತೇನೆ: ಇವತ್ತೇ ಸೆಟಿಂಗ್ಸ್‌ಗೆ ಹೋಗಿ ಬ್ಯಾಕಪ್ ಇಳಿಸಿಕೊಳ್ಳಿ, ಫೋಟೋಗಳನ್ನು ಬೇರೆಯಾಗಿ ಇಟ್ಟುಕೊಳ್ಳಿ, ಪಾಸ್‌ವರ್ಡ್ ಬರೆದು ಮನೆಯಲ್ಲಿ ಒಬ್ಬರ ಕೈಗೆ ಕೊಡಿ. ಮನೆಯ ಪತ್ರ ಬೀರುವಿನಲ್ಲಿ ಎಲ್ಲಿದೆ ಅಂತ ಮಕ್ಕಳಿಗೆ ಹೇಳಿರುತ್ತೀರಲ್ಲ, ಹಾಗೆ.

ಮೇಷ್ಟ್ರ ನಲವತ್ತಾರು ಬರಹಗಳನ್ನು ಅವರ ಮಗಳ ಒಪ್ಪಿಗೆ ಪಡೆದು ಹೊಸ ಜಾಗದಲ್ಲಿ ಹಾಕಿದ್ದೇನೆ, ಡೊಮೈನ್‌ಗೆ ಹತ್ತು ವರ್ಷದ ದುಡ್ಡು ಒಟ್ಟಿಗೆ ಕಟ್ಟಿದ್ದೇನೆ. ನಿಮ್ಮ ಒಂಬತ್ತು ಲೇಖನಗಳ ಹಳೆಯ ವಿಳಾಸ ನನ್ನ ಹತ್ತಿರ ಇದೆ. ಹುಡುಕುತ್ತಾ ಹೋದಾಗ ಬೇರೆಯವರ ಬ್ಲಾಗುಗಳಿಂದ ಇನ್ನೂ ನೂರಾ ಮೂವತ್ತು ಸಿಕ್ಕವು. ಎಲ್ಲವನ್ನೂ ಒಂದು ಹಾಳೆಗೆ ಹಾಕಿ, ಯಾವುದರ ನಕಲು ವೇಬ್ಯಾಕ್ ಮೆಷಿನ್‌ನಲ್ಲಿ ಸಿಗುತ್ತದೆ ಅಂತ ಎದುರಿಗೆ ಬರೆದಿದ್ದೇನೆ. ನಿಮ್ಮ ವೆಬ್ ವಿಭಾಗದಲ್ಲಿ ಯಾರಿಗೆ ಕಳಿಸಬೇಕು ತಿಳಿಸಿ, ಅವತ್ತೇ ಕಳಿಸುತ್ತೇನೆ. ಪಟ್ಟಿ ನೋಡಿ ದಾರಿ ಜೋಡಿಸುವುದಕ್ಕೆ ಒಂದು ಶನಿವಾರ ನಿಮ್ಮ ಆಫೀಸಿಗೆ ಬಂದು ಕೂರಬೇಕು ಅಂದರೂ ಬರುತ್ತೇನೆ, ದುಡ್ಡು ಬೇಡ.

ವಂದನೆಗಳೊಂದಿಗೆ,
ನಿಮ್ಮ ಒಬ್ಬ ಓದುಗ
ಬೆಂಗಳೂರು