‘ಅಲ್-ಹಿಂದ್’ ಯಾವ ದೇಶ ಎಂದು ಕೇಳುವ ಕಚೇರಿ

ಮಾನ್ಯ ಸಂಪಾದಕರೇ,

ದಾಖಲೆಗಳಲ್ಲಿ ದೇಶದ ಹೆಸರು ತಾಳೆಯಾಗುತ್ತಿಲ್ಲ ಎಂದು ಮಂಗಳೂರಿನ ಸರ್ಕಾರಿ ಕಚೇರಿಯೊಂದು ಅರ್ಜಿದಾರರನ್ನು ಹಿಂದಕ್ಕೆ ಕಳುಹಿಸುತ್ತಿರುವ ಬಗ್ಗೆ ಮಂಗಳವಾರ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ‘ಕೆಲವರಿಗೆ ತೊಂದರೆಯಾಗಿದೆ’ ಎಂದು ಬರೆದಿದ್ದೀರಿ. ಆ ಕೆಲವರಲ್ಲಿ ನಾನೂ ಒಬ್ಬ. ತೊಂದರೆ ಎಂಥದ್ದು ಎಂಬುದು ವರದಿಯಲ್ಲಿ ಇಲ್ಲದ ಕಾರಣ ಈ ಪತ್ರ.

ನನ್ನ ಮೊಮ್ಮಗ ಹುಟ್ಟಿದ್ದು ಕುವೈತ್‌ನಲ್ಲಿ. ಮಗ ಅಲ್ಲಿನ ಕೆಲಸ ಬಿಟ್ಟು ಬಂದ ಮೇಲೆ ಹುಡುಗನನ್ನು ಇಲ್ಲಿಯೇ ಶಾಲೆಗೆ ಸೇರಿಸಿದ್ದೇವೆ. ಶಾಲೆಯವರು ಕೇಳಿದ ದೃಢೀಕರಣ ಪತ್ರಕ್ಕಾಗಿ ವರದಿಯಲ್ಲಿರುವ ಅದೇ ಕಚೇರಿಗೆ ಅರ್ಜಿ ಕೊಟ್ಟೆ. ಜನನ ಪ್ರಮಾಣಪತ್ರ ಅರಬ್ಬಿಯಲ್ಲಿದೆ. ಜೊತೆಗೆ ಅನುವಾದ ಇದೆ, ಮುದ್ರೆಯೂ ಇದೆ. ಅನುವಾದ ಮಾಡಿದವರು ತಂದೆಯ ದೇಶ ಎಂಬಲ್ಲಿ ಅರಬ್ಬಿಯಲ್ಲಿದ್ದ ಹಾಗೆಯೇ ‘ಅಲ್-ಹಿಂದ್’ ಎಂದು ಬರೆದಿದ್ದಾರೆ. ಅರಬ್ಬಿಯಲ್ಲಿ ಭಾರತಕ್ಕೆ ಅದೇ ಹೆಸರು. ಕೌಂಟರಿನಲ್ಲಿದ್ದವರು ಕಂಪ್ಯೂಟರಿನ ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿ, “ಈ ಹೆಸರಿನ ದೇಶ ಇಲ್ಲ. ಪಾಸ್‌ಪೋರ್ಟಿನಲ್ಲಿ ಇಂಡಿಯಾ ಎಂದಿದೆ. ಎರಡೂ ಒಂದೇ ಎಂದು ಅಫಿಡವಿಟ್ ಮಾಡಿಸಿ ತನ್ನಿ” ಎಂದರು. ಹೇಳಿ ಸುಮ್ಮನಾಗಲಿಲ್ಲ. ಕೆಂಪು ಪೆನ್ನು ತೆಗೆದು ಆ ಹೆಸರಿನ ಅಡಿಗೆ ಎರಡು ಗೆರೆ ಎಳೆದರು. ನಕಲಿನ ಮೇಲಲ್ಲ, ಮೂಲ ಪ್ರತಿಯ ಮೇಲೆ!

ಆಟಿ ತಿಂಗಳ ಮಳೆಯಲ್ಲಿ, ಕಾಗದಗಳನ್ನು ಎರಡು ಪ್ಲಾಸ್ಟಿಕ್ ತೊಟ್ಟೆಯೊಳಗೆ ಸುತ್ತಿಕೊಂಡು, ಸುರತ್ಕಲ್ಲಿನಿಂದ ಮೂರು ಸಲ ಬಸ್ಸಿನಲ್ಲಿ ನಿಂತು ಬಂದಿದ್ದೇನೆ. ಮೊದಲ ದಿನ ಸರ್ವರ್ ಇರಲಿಲ್ಲ. ಎರಡನೆಯ ದಿನ ಈ ಕೆಂಪು ಗೆರೆ. ಮೂರನೆಯ ದಿನ ಅಫಿಡವಿಟ್ ಹಿಡಿದು ಮೊಣಕಾಲು ನೋವಿನಲ್ಲಿ ಎರಡು ಮಹಡಿ ಹತ್ತಿದರೆ ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಸ್ಟ್ಯಾಂಪ್ ಪೇಪರಿಗೆ, ನೋಟರಿಗೆ, ಜೆರಾಕ್ಸಿಗೆ ಆದ ಖರ್ಚು ಬೇರೆ. ಜೆರಾಕ್ಸ್ ಅಂಗಡಿಯವರು ಚಿಲ್ಲರೆಯಾಗಿ ಕೊಟ್ಟ ಐದು ರೂಪಾಯಿಯ ನಾಣ್ಯವನ್ನು ಅಲ್ಲಿಯೇ ನಿಂತು ನೋಡಿದೆ. ಸಿಂಹದ ಒಂದು ಬದಿಗೆ ನಾಗರಿಯಲ್ಲಿ ಭಾರತ, ಇನ್ನೊಂದು ಬದಿಗೆ ಇಂಗ್ಲಿಷಿನಲ್ಲಿ ಇಂಡಿಯಾ. ಎರಡು ಹೆಸರಿನ ಈ ನಾಣ್ಯವನ್ನು ಶುಲ್ಕವಾಗಿ ಕೊಟ್ಟರೆ ಆ ಕಚೇರಿಯವರು ಅಫಿಡವಿಟ್ ಕೇಳುತ್ತಾರೆಯೇ?

ಅಲ್-ಹಿಂದ್, ಇಂಡಿಯಾ, ಹಿಂದೂಸ್ಥಾನ ಎಲ್ಲವೂ ಹುಟ್ಟಿದ್ದು ಸಿಂಧು ನದಿಯ ಹೆಸರಿನಿಂದ. ಪರ್ಷಿಯಾದವರ ಬಾಯಲ್ಲಿ ಸಕಾರ ಹಕಾರವಾಗಿ ಸಿಂಧು ಹಿಂದುವಾಯಿತು. ಸುಮಾರು 2,500 ವರ್ಷಗಳ ಹಿಂದಿನ ಡೇರಿಯಸ್ ದೊರೆಯ ಶಾಸನಗಳಲ್ಲಿಯೇ ಆ ಹೆಸರಿದೆ. ಗ್ರೀಕರ ನಾಲಗೆಯಲ್ಲಿ ಹಕಾರವೂ ಬಿದ್ದುಹೋಗಿ ಇಂದೋಸ್ ಆಯಿತು, ಮುಂದೆ ಲ್ಯಾಟಿನ್‌ನಲ್ಲಿ ಇಂಡಿಯಾ. ಅರಬರು ಹಕಾರ ಉಳಿಸಿಕೊಂಡರು. ತುಳುವಿನ ಸಾದಿಗೆ ಕನ್ನಡದಲ್ಲಿ ಹಾದಿ ಎನ್ನುತ್ತೇವೆ. ಎರಡನ್ನೂ ದಿನವಿಡೀ ಆಡುವ ಊರಿನವರಿಗೆ ಸಿಂಧು ಹಿಂದುವಾದದ್ದನ್ನು ಬೇರೆ ಯಾರಾದರೂ ಬಂದು ಕಲಿಸಬೇಕೇ? ಭಾರತ ಎಂಬ ಹೆಸರಿನ ಬೇರು ಮಾತ್ರ ಬೇರೆ, ಅದು ಋಗ್ವೇದದ ಭರತ ಕುಲದ ಕಡೆಗೆ ಹೋಗುತ್ತದೆ.

ಕೊಲ್ಲಿಗೆ ಹೋದವರು ಇಲ್ಲದ ಬೀದಿ ನಮ್ಮ ಜಿಲ್ಲೆಯಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಅಲ್ಲಿ ನಮ್ಮವರನ್ನು ‘ಹಿಂದಿ’ ಎಂದು ಕರೆಯುತ್ತಾರೆ, ಭಾರತದವನು ಎಂದು ಅದರ ಅರ್ಥ. ಮನೆಯಲ್ಲಿ ತುಳು ಬಿಟ್ಟು ಬೇರೆ ಮಾತನಾಡದ ನನ್ನ ಮಗನೂ ಹದಿನಾಲ್ಕು ವರ್ಷ ಅಲ್ಲಿ ಹಿಂದಿಯೇ ಆಗಿದ್ದ. ನಮ್ಮ ಊರಿನ ಸಂಗತಿಯೂ ಇದೇ ತಾನೆ? ಮಂಗಳೂರು ತುಳುವರಿಗೆ ಕುಡ್ಲ, ಕೊಂಕಣಿಯವರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ, ಮಲಯಾಳಿಗಳಿಗೆ ಮಂಗಳಾಪುರಂ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಪ್ರವಾಸಿ ಇಬ್ನ್ ಬತೂತ ಮಂಜರೂರ್ ಎಂದು ಬರೆದಿಟ್ಟ. ಕುಡ್ಲದ ಬಸ್ಸು ಹತ್ತಿ ಕಚೇರಿಗೆ ಬಂದು ಮಂಗಳೂರು ಎಂಬ ಮುದ್ರೆ ಒತ್ತುವವರಿಗೆ ಅಲ್-ಹಿಂದ್ ಮಾತ್ರ ಅರ್ಥವಾಗುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಅರ್ಥವಾಗಿದೆ. ಹೊಣೆ ಹೊರಲು ಮನಸ್ಸಿಲ್ಲ, ಅಷ್ಟೇ.

ನಮ್ಮ ಮಂಗಳೂರಿನಲ್ಲಿಯೇ ಹುಟ್ಟಿದ ಹರಿ ವಿಷ್ಣು ಕಾಮತರು 1949ರ ಸೆಪ್ಟೆಂಬರ್ 18ರಂದು ಸಂವಿಧಾನ ಸಭೆಯಲ್ಲಿ ಇದೇ ಹೆಸರಿನ ವಿಷಯಕ್ಕೆ ಎದ್ದು ನಿಂತಿದ್ದರು. ಐರ್ಲೆಂಡಿನ ಸಂವಿಧಾನವನ್ನು ಮುಂದಿಟ್ಟು, ಒಂದನೆಯ ವಿಧಿಯಲ್ಲಿ ‘ಭಾರತ, ಅಥವಾ ಇಂಗ್ಲಿಷ್ ಭಾಷೆಯಲ್ಲಿ ಇಂಡಿಯಾ’ ಎಂದಿರಲಿ ಎಂದು ತಿದ್ದುಪಡಿ ತಂದರು. ಪರವಾಗಿ 38, ವಿರುದ್ಧವಾಗಿ 51 ಮತ ಬಿದ್ದು ತಿದ್ದುಪಡಿ ಸೋತಿತು. ‘ಇಂಡಿಯಾ, ಅಂದರೆ ಭಾರತ’ ಎಂಬುದು ಉಳಿಯಿತು. ಕಾಮತರು ಹೇಳಿದ್ದೇ ಸರಿ ಎಂದು ಈ ಮೂರು ಓಡಾಟದ ನಂತರ ನನಗೆ ಖಚಿತವಾಗಿದೆ. ಯಾವ ಹೆಸರು ಯಾವ ಭಾಷೆಯದು ಎಂದು ಪಕ್ಕದಲ್ಲಿ ಬರೆದುಬಿಟ್ಟರೆ ಜಗಳವೇ ಇಲ್ಲ. ಅರಬ್ಬಿಯಲ್ಲಿ ಅಲ್-ಹಿಂದ್ ಎಂದು ಒಂದು ಸಾಲು ಟಿಪ್ಪಣಿ ಬರೆಯಲು ಆ ಸಿಬ್ಬಂದಿಗೆ ಎಷ್ಟು ಹೊತ್ತು ಬೇಕಿತ್ತು?

ನಾನು 34 ವರ್ಷ ಬ್ಯಾಂಕಿನ ಕೌಂಟರಿನ ಒಳಗೆ ಕುಳಿತವನು. ಕೊಲ್ಲಿಯಿಂದ ಬಂದ ಅರಬ್ಬಿ ಅಕ್ಷರದ ಕಾಗದಗಳು ನನ್ನ ಕೈಯಲ್ಲೂ ದಾಟಿವೆ. ತಿಳಿಯದಿದ್ದರೆ ನಾವೇ ಎದ್ದು ಹೋಗಿ ಮ್ಯಾನೇಜರರನ್ನು ಕೇಳುತ್ತಿದ್ದೆವು. ಗಿರಾಕಿಯನ್ನು ಮಳೆಗೆ ಅಟ್ಟುತ್ತಿರಲಿಲ್ಲ.

ಇದು ಹೊಸ ರೋಗವೂ ಅಲ್ಲ. ನನ್ನ ಶಾಲಾ ದಾಖಲೆಯಲ್ಲಿ ಹುಟ್ಟಿದ ಜಿಲ್ಲೆ ಸೌತ್ ಕೆನರಾ, ರಾಜ್ಯ ಮೈಸೂರು. 1973ರಲ್ಲಿ ರಾಜ್ಯ ಕರ್ನಾಟಕವಾಯಿತು, ಜಿಲ್ಲೆ ದಕ್ಷಿಣ ಕನ್ನಡವಾಯಿತು, 1997ರಲ್ಲಿ ಉಡುಪಿ ಬೇರೆಯಾಯಿತು, 2014ರ ನವೆಂಬರ್ 1ರಂದು ಮ್ಯಾಂಗಲೋರ್ ಹೋಗಿ ಇಂಗ್ಲಿಷಿನಲ್ಲೂ ಮಂಗಳೂರು ಬಂತು. ನಾನು ಇದ್ದ ಮನೆಯಲ್ಲಿಯೇ ಇದ್ದೆ. ಆದರೆ ಪಿಂಚಣಿಯ ಕಾಗದಕ್ಕೆ ಓಡಾಡುವಾಗ “ಸೌತ್ ಕೆನರಾ ಎಲ್ಲಿದೆ?” ಎಂದು ಇನ್ನೊಬ್ಬ ಅಧಿಕಾರಿ ಕೇಳಿದ್ದರು. ಆಗಲೂ ಅಫಿಡವಿಟ್. ನನ್ನ ಹೆಂಡತಿಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿಸಿದ್ದು ಅವರೇ, ಸರಿಪಡಿಸಲು ನಾಲ್ಕು ತಿಂಗಳು ಅಲೆದದ್ದು ನಾವು. ಈ ಕಚೇರಿಯ ಟೋಕನ್ ಯಂತ್ರ ಕೆಟ್ಟು ಕುಳಿತಿದೆ, ಲಿಫ್ಟಿಗೆ ಹಗ್ಗ ಕಟ್ಟಿದ್ದಾರೆ, ಬಾಗಿಲಿನ ಎದುರು ಚರಂಡಿಯ ಚಪ್ಪಡಿ ಒಡೆದು ವರ್ಷವಾಯಿತು. ಕಳೆದ ಮಳೆಗಾಲದಲ್ಲಿ ಅದರ ಬಗ್ಗೆಯೂ ಬರೆದಿದ್ದೆ. ಯಾರು ಕೇಳಿದರು?

ಮೇಲಧಿಕಾರಿಗಳು ಕೂಡಲೇ ಕ್ರಮ ಕೈಗೊಳ್ಳಬೇಕು. ದೇಶಗಳಿಗೆ ಬೇರೆ ಬೇರೆ ಭಾಷೆಗಳಲ್ಲಿ ಇರುವ ಹೆಸರುಗಳ ಪಟ್ಟಿಯನ್ನು ಪ್ರತಿ ಕೌಂಟರಿಗೆ ಕೊಡಬೇಕು. ಅಥವಾ ಪಟ್ಟಿಯೇ ಬೇಡ, ಓದಿ ತಿಳಿದುಕೊಳ್ಳಬಲ್ಲವರನ್ನು ಅಲ್ಲಿ ಕೂರಿಸಲಿ. ಈಜಿಪ್ಟಿನ ಕಾಗದದಲ್ಲಿ ಮಿಸ್ರ್ ಎಂದಿರುತ್ತದೆ, ಜರ್ಮನಿಯದ್ದರಲ್ಲಿ ಡಾಯ್ಚ್‌ಲ್ಯಾಂಡ್ ಎಂದಿರುತ್ತದೆ, ನಾಳೆ ಅವುಗಳನ್ನು ತಂದವರನ್ನೂ ಹೀಗೆಯೇ ಅಲೆಸುತ್ತಾರೆಯೇ? ತನ್ನ ದೇಶದ ಹೆಸರನ್ನೇ ಗುರುತಿಸದವರು ಆ ಕುರ್ಚಿಗೆ ಯೋಗ್ಯರಲ್ಲ. ಸೋಮವಾರ ಮತ್ತೆ ಬರಲು ಹೇಳಿದ್ದಾರೆ. ಹೋಗುತ್ತೇನೆ. ಮೂಲ ಪ್ರತಿಯ ಮೇಲಿನ ಆ ಕೆಂಪು ಗೆರೆಗಳನ್ನು ಯಾರು ಅಳಿಸಿಕೊಡುತ್ತಾರೆ ಎಂದು ಅವರು ನನಗೆ ಹೇಳಬೇಕು.

– ನೊಂದ ಓದುಗ, ಸುರತ್ಕಲ್